ಹುಣಸೆಮರದ ವಕೀಲರು

ಮಾನ್ವಿಯ ವಕೀಲ ಪ್ರಹ್ಲಾದರಾಯರಿಗೆ ತಮ್ಮ ವೃತ್ತಿಯಲ್ಲಿದ್ದಷ್ಟು ತೃಪ್ತಿ ಆ ಕಾಲಕ್ಕೆ ನಿಜಾಮ ಸರ್ಕಾರದ ಹದಿನಾರು ಜಿಲ್ಲೆಗಳಲ್ಲಿ ಬೇರೆ ಯಾವ ವಕೀಲರಿಗೂ ಇರಲಿಲ್ಲ. ತೃಪ್ತಿಗೂ ಕಕ್ಷಿದಾರರ ಸಂಖ್ಯೆಗೂ ಯಾವ ಸಂಬಂಧವೂ ಇಲ್ಲವೆಂಬುದಕ್ಕೆ ಅವರೇ ಪ್ರಮಾಣ. ಬೆಳಿಗ್ಗೆ ಹತ್ತಕ್ಕೆ ಕಪ್ಪು ಶೇರವಾನಿಯ ಏಳೂ ಗುಂಡಿ ಹಾಕಿಕೊಂಡು ಮುನ್ಸೀಫ್ ಕಚೇರಿಗೆ ಹೋಗುವುದು, ಅಲ್ಲಿ ಬೇವಿನ ನೆರಳಿನಲ್ಲಿ ಕುಳಿತು ಬೇರೆಯವರ ಕಟ್ಲೆಗಳ, ಅಂದರೆ ಮೊಕದ್ದಮೆಗಳ, ಸುದ್ದಿ ಕೇಳುವುದು, ಚಪರಾಸಿ ಯಾರ ಹೆಸರನ್ನೋ ಮೂರು ಸಲ ಕೂಗಿದಾಗ ಮೂರು ಸಲವೂ ಗೌರವದಿಂದ ಎದ್ದು ನಿಲ್ಲುವುದು, ಸಂಜೆ ಐದಕ್ಕೆ ಮನೆಗೆ ಬಂದು ಏಳೂ ಗುಂಡಿ ಬಿಚ್ಚುವುದು. ಇದರಲ್ಲಿ ಅವರಿಗೆ ಒಂದು ದಿನವೂ ಬೇಸರ ಬಂದದ್ದಿಲ್ಲ.

ನಾಲ್ಕು ವರ್ಷಗಳಲ್ಲಿ ಅವರ ಕಟ್ಟೆ ಹತ್ತಿದವರು ಒಟ್ಟು ಹನ್ನೊಂದು ಜನ. ಅವರಲ್ಲಿ ಒಂಬತ್ತು ಮಂದಿ ರಾಯರ ಮಾತು ಕೇಳಿ, ಅಲ್ಲಿಯೇ ರಾಜಿಯಾಗಿ, ಒಬ್ಬರಿಗೊಬ್ಬರು ಎಲೆ ಅಡಿಕೆ ಕೊಟ್ಟುಕೊಂಡು ಎದ್ದುಹೋದರು. ಹತ್ತನೆಯವನು ದಾರಿ ತಪ್ಪಿ ಬಂದಿದ್ದ. ಹನ್ನೊಂದನೆಯವನು ಆಚೆ ಬೀದಿಯ ವಕೀಲರ ಮನೆ ಯಾವುದೆಂದು ಕೇಳಲು ಬಂದಿದ್ದ. ರಾಯರು ಶೇರವಾನಿ ಹಾಕಿಕೊಂಡೇ ಹೋಗಿ ತೋರಿಸಿ ಬಂದರು.

ಇಂಥ ಸುಖದ ನಡುವೆ ರಾಯಚೂರಿನಿಂದ ಮಾವನವರ ಕಾಗದ ಬಂತು. ಮಾವ ವಿಠ್ಠಲರಾಯರು ಅಲ್ಲಿಯ ಒಂದು ಶಾಲೆಯ ಹೆಡ್‌ಮಾಸ್ತರರು. ಕುಶಲ ಪ್ರಶ್ನೆಯನ್ನೂ ಪರೀಕ್ಷೆಯ ಪ್ರಶ್ನೆಯಂತೆ ಕೇಳುವವರು. "ವೃತ್ತಿಯಲ್ಲಿ ತೃಪ್ತಿ ಹೇಗಿದೆ? ಉದಾಹರಣೆ ಸಹಿತ ತಿಳಿಸುವುದು. ನಮ್ಮ ಶಾಲೆಯಲ್ಲಿ ಒಂದು ಮಾಸ್ತರಿಕೆ ಖಾಲಿ ಇದೆ. ಈ ತಿಂಗಳ ಕೊನೆಯವರೆಗೆ ಹಿಡಿದಿಟ್ಟಿರುತ್ತೇನೆ" ಎಂದು ಬರೆದಿದ್ದರು.

ಮಾವನ ಕೈಕೆಳಗೆ ಮಾಸ್ತರಿಕೆ ಎಂಬುದನ್ನು ನೆನೆದೇ ರಾಯರಿಗೆ ಬೆವರು ಬಂತು. ಅವರು ಕೂಡಲೇ ಉತ್ತರ ಬರೆದರು. "ತೃಪ್ತಿಯ ವಿಷಯ ಬರೆಯಲು ಪುರುಸೊತ್ತಿಲ್ಲ. ಕಟ್ಟೆಯ ಮೇಲೆ ಕಕ್ಷಿದಾರರು ಕಿಕ್ಕಿರಿದಿದ್ದಾರೆ. ಕೆಲವರನ್ನು ತುಳಸಿಕಟ್ಟೆಯ ಹತ್ತಿರ ಕೂಡಿಸಬೇಕಾಗಿದೆ."

ಅವರ ಹೆಂಡತಿ ಜಾನಕಿಬಾಯಿ ಓದಿ ಹುಬ್ಬು ಗಂಟಿಕ್ಕಿದರು. "ಸುಳ್ಳು ಬರೀರಿ, ನಾ ಬ್ಯಾಡ ಅನ್ನಂಗಿಲ್ಲ. ಆದರ ತುಳಸಿಕಟ್ಟಿ ತನಕ ಯಾಕ ತಂದು ಕೂಡಿಸಿದ್ರಿ? ನಾ ಮಡಿಲೆ ನೀರು ಹಾಕೋದು ಎಲ್ಲಿ?"

"ಬರಿ ಕಾಗದದಾಗ ಕೂತಾರಽ, ಮೈಲಿಗಿ ಆಗಂಗಿಲ್ಲ" ಎಂದರು ರಾಯರು.

ನಾಲ್ಕನೆಯ ದಿನ ಮಾವನವರ ಉತ್ತರ ಬಂತು. "ಸಂತೋಷ. ಬರುವ ಸಂತೆಯ ದಿನ ಬೆಳಗಿನ ಬಸ್ಸಿಗೆ ಬರುತ್ತೇನೆ. ಬರೆದದ್ದು ಕಣ್ಣಿಗೆ ಕಂಡರೆ ಮಾಸ್ತರಿಕೆಯನ್ನು ಬೇರೆಯವರಿಗೆ ಕೊಡುತ್ತೇನೆ. ಕಾಣದಿದ್ದರೆ ಹಾಸಿಗೆ ಕಟ್ಟಿಕೊಂಡು ನನ್ನ ಸಂಗಡವೇ ರಾಯಚೂರಿಗೆ ಹೊರಡುವುದು. ಶೇರವಾನಿ ತರುವ ಅವಶ್ಯಕತೆ ಇಲ್ಲ."

ಕೊನೆಯ ವಾಕ್ಯ ರಾಯರ ಎದೆಗೆ ನಾಟಿತು.

ಆಗ ಅವರಿಗೆ ಉಳಿದಿದ್ದ ಏಕೈಕ ಆಧಾರ ಗುಮಾಸ್ತ ದುರುಗಪ್ಪ. ಈತ ತೀರಿಹೋದ ಹಿರಿಯ ವಕೀಲರೊಬ್ಬರ ಮೇಜು, ಬೆತ್ತದ ಕುರ್ಚಿ, ಹಳೆಯ ಕಾಗದದ ಗಂಟುಗಳ ಸಂಗಡ ರಾಯರ ಪಾಲಿಗೆ ಬಂದವನು. ಐವತ್ತೈದು ವರ್ಷದ ಅನುಭವಿ. ಅರ್ಜಿ ಬರೆಯುವುದರಲ್ಲಿ ಅವನದೊಂದು ಪದ್ಧತಿಯಿತ್ತು: ಗಂಟಿನಿಂದ ಒಂದು ಹಳೆಯ ಅರ್ಜಿ ಎಳೆಯುವುದು, ಹೆಸರು ಮತ್ತು ಊರು ಬದಲಿಸುವುದು, ಉಳಿದದ್ದನ್ನು ಹಾಗೆಯೇ ಇಳಿಸುವುದು. "ದೊಡ್ಡ ವಕೀಲರು ಬರೆದದ್ರಾಗ ಕೈ ಹಾಕಬಾರದು" ಎಂಬುದು ಅವನ ಗುರುಭಕ್ತಿ. ಹಿಂದೊಮ್ಮೆ ಕಳೆದುಹೋದ ಎಮ್ಮೆಯ ಅರ್ಜಿಯಲ್ಲಿ "ಸದರಿ ಎಮ್ಮೆಗೆ ಎರಡು ಕಿಟಕಿಗಳಿದ್ದು, ಒಂದು ಪೂರ್ವಕ್ಕೆ ತೆರೆಯುತ್ತದೆ" ಎಂಬ ಸಾಲು ಬಂದದ್ದು ಈ ಭಕ್ತಿಯಿಂದಲೇ.

ಸಂತೆಯ ದಿನ ಬೆಳಿಗ್ಗೆ ದುರುಗಪ್ಪ ಸಂತೆಗೆ ಹೋಗಿ ಇಬ್ಬರನ್ನು ಹಿಡಿದು ತಂದ. ಒಬ್ಬ ದೇವದುರ್ಗದ ಕಡೆಯ ಅರಕೇರಾದಿಂದ ಹಗ್ಗ ಮಾರಲು ಬಂದಿದ್ದ ವಿರೂಪಣ್ಣ. ಇನ್ನೊಬ್ಬ ಪೋತ್ನಾಳದಿಂದ ಮೆಣಸಿನಕಾಯಿ ತಂದಿದ್ದ ಜಂಬಣ್ಣ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಕಟ್ಟೆಯ ಮೇಲೆ ಸುಮ್ಮನೆ ಕೂಡುವುದು, ಯಾರಾದರೂ ಕೇಳಿದರೆ ಕಟ್ಲೆಗೆ ಬಂದಿದ್ದೇವೆ ಎನ್ನುವುದು, ಮಂಡಾಳ ಒಗ್ಗರಣಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ತಿನ್ನುವುದು, ಇಷ್ಟೇ ಕರಾರು.

"ಇಬ್ಬರಽ?" ಎಂದರು ರಾಯರು ಗಾಬರಿಯಾಗಿ.

"ಒಗ್ಗರಣಿ ಅಂದಕೂಡ್ಲೆ ಇಪ್ಪತ್ತು ಮಂದಿ ಬಂದಿದ್ರು ಸಾಹೇಬ್ರ. ಅಕ್ಕಾವ್ರು ಇಬ್ಬರಿಗಷ್ಟಽ ಮಂಡಾಳು ಐತಿ ಅಂದ್ರು."

ಒಳಗಿನಿಂದ ಜಾನಕಿಬಾಯಿಯ ಧ್ವನಿ ಬಂತು. "ಕಕ್ಷಿದಾರರು ಖೋಟಾ ಇರಬಹುದು, ಹೊಟ್ಟಿ ಖರೇನಽ ಇರತಾವ."

ದುರುಗಪ್ಪ ಆಗಲೇ ಅರ್ಜಿಯನ್ನೂ ಬರೆದಿಟ್ಟಿದ್ದ. ಕಾಗದವಿಲ್ಲದ ಕಕ್ಷಿದಾರ ಜನಿವಾರವಿಲ್ಲದ ಪುರೋಹಿತನಿದ್ದಂತೆ ಎಂದು ಅವನ ವಾದ. ಗಂಟಿನಲ್ಲಿ ಕೈಗೆ ಸಿಕ್ಕದ್ದು ಮೂವತ್ತು ವರ್ಷದ ಹಿಂದಿನ ಒಂದು ದಾವೆ. ಎರಡು ಹೊಲಗಳ ನಡುವಿನ ಬದುವಿನ ಮೇಲಿರುವ ಹುಣಸೆಮರ ಯಾರದು ಎಂಬ ತಕರಾರು. ಅದರಲ್ಲಿ ವಾದಿಯ ಜಾಗದಲ್ಲಿ ಅರಕೇರಾದ ವಿರೂಪಣ್ಣನನ್ನೂ ಪ್ರತಿವಾದಿಯ ಜಾಗದಲ್ಲಿ ಪೋತ್ನಾಳದ ಜಂಬಣ್ಣನನ್ನೂ ಕೂಡಿಸಿ, ವಿರೂಪಣ್ಣನ ಹೆಬ್ಬೆಟ್ಟು ಒತ್ತಿಸಿದ್ದ. ಉಳಿದದ್ದರಲ್ಲಿ ಕೈ ಹಾಕಿರಲಿಲ್ಲ.

"ಲೇ ದುರುಗಪ್ಪ, ಜಗಳಾಡೋ ಇಬ್ಬರೂ ನಮ್ಮ ಕಟ್ಟಿ ಮ್ಯಾಲೇ ಕೂತರ ಹೆಂಗಪಾ?"

"ಹಂಗಾದ್ರ ಒಬ್ಬನ್ನ ಆಚೆ ಬೀದಿ ವಕೀಲರ ಕಟ್ಟಿಗೆ ಕಳಸಲೇನ್ರಿ? ನಮ್ಮ ಒಗ್ಗರಣಿ ತಿಂದು ಅವರ ಗಿರಾಕಿ ಆಗ್ತಾನ."

ಅಷ್ಟರಲ್ಲಿ ಛತ್ರಿಯ ತುದಿ ಅಂಗಳದ ಕಲ್ಲಿಗೆ ಕುಟ್ಟಿದ ಸದ್ದಾಯಿತು. ಮಾವನವರು ಬಂದೇಬಿಟ್ಟಿದ್ದರು.

ವಿಠ್ಠಲರಾಯರು ಕಟ್ಟೆಯ ಮೇಲಿದ್ದವರನ್ನು ಹಾಜರಿ ತೆಗೆದುಕೊಳ್ಳುವಂತೆ ನೋಡಿದರು. "ಎರಡು" ಎಂದರು. ನಂತರ ವಿರೂಪಣ್ಣನ ಕಡೆಗೆ ತಿರುಗಿ, "ಏನಪಾ ನಿನ್ನ ಕಟ್ಲೆ?" ಎಂದು ಕೇಳಿದರು.

"ಹುಣಸಿಗಿಡ್ರೀ ಯಪ್ಪಾ."

"ನಿಂದು?" ಎಂದು ಜಂಬಣ್ಣನನ್ನು ಕೇಳಿದರು. ಜಂಬಣ್ಣನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಬಾಯಲ್ಲಿ ಮಂಡಾಳು ಬೇರೆ ಇತ್ತು. ನುಂಗಿ, "ಅದಽ ಗಿಡ್ರೀ" ಎಂದ.

"ಅದಽ ಅಂದ್ರ? ಗಿಡ ಅವಂದೋ ನಿಂದೋ?"

ಇಂಥ ಪ್ರಶ್ನೆ ಎದುರಾದಾಗ ರೈತನಾದವನು ಕೊಡುವ ಉತ್ತರ ಒಂದೇ. "ನಂದ್ರೀ" ಎಂದ ಜಂಬಣ್ಣ.

ವಿರೂಪಣ್ಣ ಒಗ್ಗರಣಿಯ ತಾಟು ಕೆಳಗಿಟ್ಟ. "ಹೆಂಗ ನಿಂದಲೇ?"

"ನಮ್ಮಪ್ಪ ಹಚ್ಚಿದ್ದು."

"ನಿಮ್ಮಪ್ಪ ಹಚ್ಚಿದ್ರ ನಮ್ಮಜ್ಜ ಅದರಾಗ ಜೋಕಾಲಿ ಹೆಂಗ ಆಡ್ತಿದ್ದ?"

"ಕದ್ದು ಆಡ್ತಿದ್ದ! ಅದಕಽ ಅಲ್ಲೇನು ನಮ್ಮಪ್ಪ ಕೊಂಬಿ ಕಡಸಿದ್ದು!"

"ಓಹೋ, ಕೊಂಬಿ ಕಡದವರು ನೀವಽ? ಇಷ್ಟು ದಿನ ಯಾರಂತ ನಮಗ ಗೊತ್ತಾಗಿದ್ದಿಲ್ಲ!"

ಒಂದು ಗಳಿಗೆಯ ಹಿಂದೆ ಇಲ್ಲದ ಮರ ನೋಡನೋಡುತ್ತ ಬೆಳೆದು, ಮೂರು ತಲೆಮಾರಿಗೆ ನೆರಳು ಕೊಟ್ಟು, ಒಂದು ಕೊಂಬೆಯನ್ನೂ ಕಳೆದುಕೊಂಡಿತು. ಸಸ್ಯಗಳ ಬೆಳವಣಿಗೆಯ ಬಗ್ಗೆ ಪುಸ್ತಕಗಳಲ್ಲಿ ಇರುವುದೆಲ್ಲ ಪೂರ್ಣ ಸತ್ಯವಲ್ಲ. ನೀರು, ಬೆಳಕುಗಳಿಗಿಂತ ಮರಕ್ಕೆ ಮುಖ್ಯವಾಗಿ ಬೇಕಾದದ್ದು ಇಬ್ಬರು ಒಡೆಯರು.

ವಿಠ್ಠಲರಾಯರ ಕಣ್ಣು ಹೊಳೆಯಿತು. ಅಳಿಯನ ಕೈಯಿಂದ ಅರ್ಜಿ ಕಸಿದುಕೊಂಡು ಓದಿದರು. "ಎಷ್ಟು ಗಟ್ಟಿ ಭಾಷೆ! ನಿಮ್ಮದೇ ಏನು? ಶಾಭಾಸ್! ಇಷ್ಟಿದ್ದು ಇನ್ನೂ ಯಾಕ ದಾಖಲ ಮಾಡಿಲ್ಲ?"

"ಆಚೀಕಡಿಯವರೂ ಬಂದಾರ... ರಾಜಿ ಮಾಡಸೋಣಂತ..."

"ರಾಜಿ! ಅದಕ್ಕಽ ನೀವು ಮುಂದ ಬರವಲ್ರಿ. ಏಳ್ರಿ, ಈಗಽ ಹೋಗೋಣ. ನಾನೂ ಬರ್ತೀನಿ."

ಹೆಡ್‌ಮಾಸ್ತರರು ಏಳಿ ಎಂದ ಮೇಲೆ ಏಳದೆ ಇರುವುದು ಯಾರಿಂದಾಗುತ್ತದೆ? ಕಕ್ಷಿದಾರರೂ ಎದ್ದರು. ಹಗ್ಗ, ಮೆಣಸಿನಕಾಯಿ ಎಲ್ಲ ಕಟ್ಟೆಯ ಮೇಲೆಯೇ ಉಳಿದವು.

ಮುನ್ಸೀಫ್ ಬುರ್ಹಾನುದ್ದೀನ್ ಸಾಹೇಬರು ರಾಯಚೂರಿನ ಕಡೆಯವರೇ. ತೀರ್ಪು ಉರ್ದುವಿನಲ್ಲಿ, ಬೈಗುಳ ಕನ್ನಡದಲ್ಲಿ ಎಂಬುದು ಅವರು ಪಾಲಿಸಿಕೊಂಡು ಬಂದ ನಿಯಮ. ಹೀಗಾಗಿ ಅವರು ಕನ್ನಡಕ್ಕೆ ಬಂದರೆಂದರೆ ವಕೀಲರು ಒಬ್ಬೊಬ್ಬರಾಗಿ ನೀರು ಕುಡಿಯಲು ಹೊರಗೆ ಹೋಗುತ್ತಿದ್ದರು. ಆ ದಿನ ಸಂತೆಯಾದ್ದರಿಂದ ಕೆಲಸ ಕಡಿಮೆ. ವಾದಿ ಪ್ರತಿವಾದಿ ಇಬ್ಬರೂ ಬಾಗಿಲಲ್ಲೇ ಇದ್ದಾರೆಂದು ತಿಳಿದು, ಸಮನ್ಸಿನ ಖರ್ಚು ಉಳಿಯಿತೆಂದು, ಅರ್ಜಿಯನ್ನು ಆಗಲೇ ಕೈಗೆತ್ತಿಕೊಂಡರು. ಅರ್ಧ ಓದಿ ಕನ್ನಡಕ ತೆಗೆದರು.

"ವಕೀಲ್ ಸಾಬ್, ಒಂದು ಮಾತು ಕೇಳ್ತೀನಿ" ಎಂದರು. ಕನ್ನಡದಲ್ಲಿ.

ಹಿಂದಿನ ಸಾಲಿನ ಇಬ್ಬರು ವಕೀಲರಿಗೆ ನೀರಡಿಕೆಯಾಯಿತು.

"ವಾದಿ ಹೊಲ ಅರಕೇರಾದಾಗ?"

"ಹೌದು ಹುಜೂರ್."

"ಪ್ರತಿವಾದಿ ಹೊಲ ಪೋತ್ನಾಳದಾಗ?"

"ಹೌದು ಹುಜೂರ್."

"ನಡುವ ಹನ್ನೆರಡು ಹರದಾರಿ. ಇಬ್ಬರ ಹೊಲಕ್ಕೂ ಬದು ಒಂದಽ? ದೇವದುರ್ಗ ಎಲ್ಲಿ ಹೋತು? ಮಾನ್ವಿ ಎಲ್ಲಿ ಹೋತು? ನಾ ಈಗ ಕುಂತ ಕುರ್ಚಿ ಬದುವಿನ ಮ್ಯಾಲ ಅದಯೇನು?"

ಪ್ರಹ್ಲಾದರಾಯರಿಗೆ ಆಗ ತಿಳಿಯಿತು, ದುರುಗಪ್ಪ ಹೆಸರು, ಊರು ಬದಲಿಸಿದ್ದ, ಭೂಗೋಳ ಬದಲಿಸಿರಲಿಲ್ಲ. ಅವರ ಬಾಯಿಂದ ತಾನಾಗಿ ಒಂದು ಮಾತು ಹೊರಟಿತು. "ಗಿಡ ದೊಡ್ಡದದ ಹುಜೂರ್."

"ಹೌದ್ರೀ ಸಾಹೇಬ್ರ!" ಎಂದು ವಿರೂಪಣ್ಣ ಹಿಂದಿನಿಂದ ಅಭಿಮಾನದಿಂದ ಕೂಗಿದ. "ಬೇರು ದೇವದುರ್ಗ ತಾಲ್ಲೂಕು, ನೆರಳು ಮಾನ್ವಿ ತಾಲ್ಲೂಕು!"

"ಸುಳ್ರೀ! ಬೇರು ನನ್ನ ಕಡಿಗೆ ಐತ್ರಿ, ಬೇಕಾದ್ರ ನೆರಳು ಅವ ಇಟಗೊಳ್ಳಿ!" ಎಂದ ಜಂಬಣ್ಣ.

ಸಾಹೇಬರು ಅರ್ಜಿಯನ್ನು ಮಡಚಿ ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದರು. "ಇಂಥಾ ಗಿಡ ನಾ ನೋಡಬೇಕು. ನಾಳೆ ಬೆಳಿಗ್ಗೆ ಪೋತ್ನಾಳಕ್ಕ ಖುದ್ದು ಬರ್ತೀನಿ. ಗಿಡ ಇದ್ದರ ತೀರ್ಪು. ಇಲ್ಲದಿದ್ದರ, ವಕೀಲ್ ಸಾಬ್, ನಿಮ್ಮ ಸನದು ಹೈದರಾಬಾದಿಗೆ ವಾಪಸ್."

ಸನದು ಎಂದರೆ ವಕೀಲಿ ಮಾಡುವ ಅಪ್ಪಣೆಯ ಕಾಗದ. ಅದು ಹೋದರೆ ಶೇರವಾನಿ ಬರೀ ಒಂದು ಕಪ್ಪು ಅಂಗಿ.

ಬಾಗಿಲ ಹೊರಗೆ ನಿಂತಿದ್ದ ಮಾವನವರಿಗೆ ಒಳಗಿನ ಮಾತು ಕೇಳಿಸಿರಲಿಲ್ಲ. ಚಪರಾಸಿ ಹೇಳಿದ್ದು ಒಂದೇ ಸಾಲು: ನಾಳೆ ಸಾಹೇಬರು ಸ್ವತಃ ಮರ ನೋಡಲು ಹೋಗುತ್ತಾರೆ. ವಿಠ್ಠಲರಾಯರು ಅಳಿಯನ ಬೆನ್ನು ತಟ್ಟಿದರು. "ಮುನ್ಸೀಫರಽ ಬರ್ತಾರಂದ್ರ ಸಣ್ಣ ಕಟ್ಲೆ ಅಲ್ಲ ಬಿಡ್ರಿ. ನಾಳೆ ನಿಮ್ಮ ವಾದ ಕೇಳೇ ನಾ ರಾಯಚೂರಿಗೆ ಹೋಗೋದು."

ಕಟ್ಲೆ ಇರುವವರೆಗೆ ಪರವೂರ ಕಕ್ಷಿದಾರರು ವಕೀಲರ ಮನೆಯಲ್ಲೇ ಉಳಿಯುವುದು ಆ ಕಡೆಯ ರೂಢಿ. ವಿರೂಪಣ್ಣ ಉಳಿದ. ಅವನನ್ನು ಒಬ್ಬನನ್ನೇ ಬಿಟ್ಟರೆ ಏನು ಮಾಡಿಯಾನೋ ಎಂದು ಜಂಬಣ್ಣನೂ ಉಳಿದ. ಜಾನಕಿಬಾಯಿ ಹದಿನೆಂಟು ರೊಟ್ಟಿ ಬಡಿದರು. ಬಡಿದ ಸದ್ದು ಮಾಮೂಲಿಗಿಂತ ಜೋರಾಗಿತ್ತು.

ಮರುದಿನ ಬೆಳಿಗ್ಗೆ ಸಾಹೇಬರು ಟಾಂಗಾದಲ್ಲಿ, ಉಳಿದವರು ಜಂಬಣ್ಣನ ಬಂಡಿಯಲ್ಲಿ ಪೋತ್ನಾಳ ತಲುಪಿದರು. ಮುನ್ಸೀಫರು ಬಂದಿದ್ದಾರೆಂದು ಊರೆಲ್ಲ ಚಾವಡಿಯ ಮುಂದೆ ನೆರೆಯಿತು. ಸಾಹೇಬರು ಕೇಳಿದರು. "ಜಂಬಣ್ಣನ ಹೊಲದ ಬದುವಿನ್ಯಾಗ ಒಂದು ಹುಣಸಿಗಿಡ ಅದಯೇನು?"

ಊರಿನವರು ಒಬ್ಬರ ಮುಖ ಒಬ್ಬರು ನೋಡಿದರು. ಸರ್ಕಾರ ಇಷ್ಟು ದೂರ ಧೂಳಿನಲ್ಲಿ ಬಂದು ಒಂದು ಮರ ಕೇಳುತ್ತಿದೆ. ಇಲ್ಲ ಎಂದು ಬರಿಗೈಯಲ್ಲಿ ಕಳಿಸುವುದು ಯಾವ ಊರಿಗೆ ಶೋಭೆ?

"ಐತ್ರಿ" ಎಂದರು ಎಲ್ಲರೂ.

"ಎಲ್ಲಿ?"

ಇಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ ಬಂತು. ಏಳು ಜನ ಹಿರಿಯರು ಏಳು ಜಾಗ ತೋರಿಸಿದರು. ಏಳಕ್ಕೂ ಸಾಹೇಬರನ್ನು ನಡೆಸಿದರು. ಎಲ್ಲಿಯೂ ಮರವಿಲ್ಲ, ಆದರೆ ಪ್ರತಿಯೊಂದು ಕಡೆಯೂ ಅದು ಯಾವಾಗ ಬಿತ್ತು, ಯಾವ ಗಾಳಿಗೆ ಬಿತ್ತು, ಕಟ್ಟಿಗೆಯನ್ನು ಯಾರು ಒಯ್ದರು ಎಂಬುದಕ್ಕೆ ಪುರಾವೆಯಿತ್ತು. ಏಳು ಜಾಗಗಳ ಸರಾಸರಿ ತೆಗೆದರೆ ಮರ ಊರ ಬಾವಿಯ ನಟ್ಟನಡುವೆ ನಿಲ್ಲುತ್ತಿತ್ತು.

ಕೊನೆಗೆ ಅಂಬಮ್ಮ ಎಂಬ ಮುದುಕಿ ಕೋಲೂರಿಕೊಂಡು ಮುಂದೆ ಬಂದಳು. "ನಾ ಹೇಳ್ತೀನಿ ಬರಕೋರಿ. ನಮ್ಮತ್ತಿ ಆ ಗಿಡದ ಹಣ್ಣಿಲೇ ಸಾರು ಮಾಡ್ತಿದ್ಲು. ಅಂಥಾ ಹುಳಿ ಈಗ ಎಲ್ಲೈತಿ? ಒಂದು ಬೀಜ ಹಾಕಿದ್ರ ಊರಿಗೆಲ್ಲ ಸಾರು."

"ಪ್ರಮಾಣ ಮಾಡಿ ಹೇಳ್ತೀಯೇನವ್ವಾ?"

"ಮಾಡ್ತೀನಿ. ಎಲ್ಲಿ ಕೈ ಇಡ್ಲಿ?"

ಪ್ರಹ್ಲಾದರಾಯರು ಒಂದು ಹೆಜ್ಜೆ ಮುಂದಿಟ್ಟರು. ಈ ಮುದುಕಿ ಈಗ ಹೂಂ ಎಂದರೆ ಮರ ಸಿದ್ಧ, ಸನದು ಭದ್ರ, ಮಾಸ್ತರಿಕೆ ದೂರ. ಅವರು ಸುಮ್ಮನಿದ್ದರೆ ಸಾಕಿತ್ತು. ಆದರೆ ಏನೂ ಮಾಡದಿರುವುದರಲ್ಲಿ ನಾಲ್ಕು ವರ್ಷ ಪಳಗಿದ ಆ ವಕೀಲರಿಗೆ ಆ ಗಳಿಗೆಯಲ್ಲಿ ಅದೊಂದು ಆಗಲಿಲ್ಲ.

"ಹುಜೂರ್, ಯವ್ವನ ಕಡಿಂದ ಪ್ರಮಾಣ ಮಾಡಿಸಬ್ಯಾಡ್ರಿ. ಗಿಡ ಇಲ್ಲ. ಯಾವತ್ತೂ ಇದ್ದಿಲ್ಲ. ನಮ್ಮ ಮಾವನವರು ಬರ್ತಾರಂತ ನಿನ್ನೆ ನನ್ನ ಮೇಜಿನ ಮ್ಯಾಲ ಹುಟ್ಟಿದ್ದು. ಇವರಿಬ್ಬರೂ ಒಗ್ಗರಣಿ ತಿನ್ನಾಕ ಬಂದವರು. ತಪ್ಪು ನಂದು."

ಮುನ್ಸೀಫರ ಮುಂದೆ ಅವರು ಮಾಡಿದ ವಾದಗಳಲ್ಲೆಲ್ಲ ಇದೇ ಉದ್ದದ್ದು. ವಿಠ್ಠಲರಾಯರ ಛತ್ರಿ ತಾನೇ ಮಡಚಿಕೊಂಡಿತು.

ಊರೆಲ್ಲ ಹೊತ್ತಿಕೊಂಡಿತು.

"ಏನಂದಿ ತಮ್ಮಾ? ನಮ್ಮತ್ತಿ ಸುಳ್ಳು ಸಾರು ಮಾಡ್ತಿದ್ಲೇನು?" ಎಂದು ಅಂಬಮ್ಮ ಕೋಲೆತ್ತಿದಳು.

"ವಕೀಲರ, ಗಿಡ ಯಾರದು ಅನ್ನೋದು ನಮ್ಮಿಬ್ಬರ ಜಗಳ. ಗಿಡಾನಽ ಇಲ್ಲ ಅನ್ನಾಕ ನೀವ್ಯಾರ್ರೀ?" ಎಂದ ಜಂಬಣ್ಣ.

"ಹೌದ್ರೀ! ನನ್ನ ವಕೀಲರಾಗಿ ನನ್ನ ಗಿಡಾನಽ ಕಡೀತೀರಲ್ಲ!" ಎಂದ ವಿರೂಪಣ್ಣ.

"ನಿನ್ನ ಗಿಡ ಅಂತ ಯಾಕಂತೀಯಲೇ? ಈಗರ ನಮ್ಮ ಗಿಡ ಅನ್ನು. ಅವರು ಬೇರಿಗೇ ಕೈ ಹಾಕ್ಯಾರ!" ಎಂದ ಜಂಬಣ್ಣ.

ವಿರೂಪಣ್ಣ ಯೋಚಿಸಿದ. "ಆತಪಾ. ನಮ್ಮ ಗಿಡ."

ಬುರ್ಹಾನುದ್ದೀನ್ ಸಾಹೇಬರು ಚಟ್ಟನೆ ತಿರುಗಿದರು. "ನಮ್ಮ ಗಿಡ ಅಂದ್ರ?"

"ಅರ್ಧ ಅವಂದು, ಅರ್ಧ ನಂದ್ರೀ. ಹಣ್ಣು ಅವ ತಗೊಳ್ಳಿ, ನೆರಳು ನನಗಿರಲಿ" ಎಂದ ವಿರೂಪಣ್ಣ.

"ಚಿಗುರು?" ಎಂದಳು ಅಂಬಮ್ಮ.

"ಚಿಗುರು ನಿನಗ ಯವ್ವಾ" ಎಂದರು ಇಬ್ಬರೂ ಒಟ್ಟಿಗೆ.

ಸಾಹೇಬರು ಅಲ್ಲಿಯೇ ಟಾಂಗಾದ ಮೆಟ್ಟಿಲ ಮೇಲೆ ಕುಳಿತು ರಾಜಿ ಬರೆಸಿಕೊಂಡರು. ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಸಾಹೇಬರು ಟಾಂಗಾ ಹತ್ತುತ್ತ ಪ್ರಹ್ಲಾದರಾಯರನ್ನು ಕರೆದರು.

"ವಕೀಲ್ ಸಾಬ್, ನಿನ್ನೆ ಸುಳ್ಳು ದಾವೆ ಹಾಕಿದ್ದಕ್ಕ ನಿಮ್ಮನ್ನ ಹೈದರಾಬಾದಿಗೆ ಬರೀಬೇಕು. ಆದರ ರಾಜಿ ಆದ ಕಟ್ಲೆ ಮುಗಿದ್ಹಂಗ. ಇಪ್ಪತ್ತು ವರ್ಷ ಆತು ಕುರ್ಚಿ ಮ್ಯಾಲ ಕುಂತು. ಸುಳ್ಳು ಹೇಳಿದ ವಕೀಲರ ವರದಿಗೆ ಫಾರಮ್ ಅದ. ತನ್ನ ಕಟ್ಲೆ ತಾನಽ ಕೆಡಿಸಿ ಖರೆ ಹೇಳಿದವರಿಗೆ ಯಾವ ಫಾರಮ್ ಅಂತ ನನಗ ಗೊತ್ತಿಲ್ಲ. ಹುಡುಕ್ತೀನಿ. ಸಿಗೋ ತನಕ ಸನದು ಇಟಗೋರಿ."

ಟಾಂಗಾ ಧೂಳೆಬ್ಬಿಸಿ ಹೋಯಿತು.

ಉಳಿದವರು ಮಾವನವರು. ಅವರ ಫಾರಮು ಸಿದ್ಧವಾಗಿಯೇ ಇತ್ತು. "ಹಾಸಿಗಿ ಕಟ್ಟೀರೇನು?" ಎಂದು ಕೇಳಿದರು.

"ಇಲ್ಲ."

"ಮಾನ್ವಿಗೆ ಹೋಗಿ ಕಟ್ಟೋಣ. ಸೋಮವಾರ ಶಾಲಿ."

ಇಬ್ಬರೂ ರಸ್ತೆಯ ಬದಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತರು. ರಾಯರು ಶೇರವಾನಿಯ ಮೇಲಿನ ಗುಂಡಿ ಬಿಚ್ಚಿದರು. ಎರಡನೆಯದನ್ನು ಬಿಚ್ಚುವ ಹೊತ್ತಿಗೆ ಯಾರೋ ತೋಳು ಜಗ್ಗಿದರು. ಅಂಬಮ್ಮ.

"ತಮ್ಮಾ, ನಮ್ಮ ಮೈದುನ ನನ್ನ ಗ್ವಾಡಿಗೆ ಬಣವಿ ಒಟ್ಯಾನ. ಗ್ವಾಡಿ ವಾಲೇತಿ. ನಿಮ್ಮೂರ ಆಚೆ ಬೀದಿ ವಕೀಲರು ಮೂರು ವರ್ಷ ಆತು ಅಡ್ಡಾಡಸಾಕತ್ಯಾರ. ನೀ ನೋಡ್ತೀಯೇನು?"

"ಯವ್ವಾ, ನೋಡಿದ್ಯಲ್ಲ? ನಾ ಗೆದ್ದದ್ದೇನೂ ಇಲ್ಲ. ಇದ್ದ ಗಿಡಾನೂ ಇಲ್ಲ ಅಂದವ ನಾ."

ಅಂಬಮ್ಮ ಸುತ್ತ ನೋಡಿ ಧ್ವನಿ ತಗ್ಗಿಸಿದಳು. "ಗಿಡ ಇಲ್ಲಂತ ನನಗ ಗೊತ್ತಿಲ್ಲೇನು? ಸಾಹೇಬ ಬಿಸಿಲಾಗ ನಿಂತಿದ್ದ, ಏನಽ ಒಂದು ಹೇಳಬೇಕಲ್ಲ. ಅದು ಬಿಡು. ಇಲ್ಲದ ಗಿಡದಾಗ ಇಬ್ಬರಿಗೂ ಅರ್ಧರ್ಧ ಕೊಡಿಸಿ ನಗಿಸಿ ಕಳಿಸಿದಿ. ನನ್ನ ಗ್ವಾಡಿ ಅಂತೂ ಐತೆಪಾ. ಅದರಾಗ ಎಷ್ಟು ಕೊಡಿಸ್ತಿ ಹೇಳು!"

ಅವಳ ಹಿಂದೆ ಒಬ್ಬ ರೈತ ನಿಂತಿದ್ದ, ಕಾಲುದಾರಿಯ ತಕರಾರು. ಅವನ ಹಿಂದೆ ಅವನ ಎದುರುಪಾರ್ಟಿ. ಆ ಎದುರುಪಾರ್ಟಿಯ ಹಿಂದೆ, ಎತ್ತು ಹಂಚಿಕೊಳ್ಳಲಾಗದ ಮೂವರು ಅಣ್ಣತಮ್ಮಂದಿರು. ಚಾವಡಿಯ ಕಡೆಯಿಂದ ಇನ್ನೂ ನಾಲ್ಕೈದು ಜನ ಓಡುತ್ತ ಬರುತ್ತಿದ್ದರು. ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. ಪ್ರಹ್ಲಾದರಾಯರು ಯಾರ ಕಡೆ ತಿರುಗಬೇಕೆಂದು ತಿಳಿಯದೆ ಮೈಲಿಗಲ್ಲಿಗೆ ಒರಗಿ ನಿಂತರು.

ಮೂವತ್ತು ವರ್ಷ ಶಾಲೆ ನಡೆಸಿದ ವಿಠ್ಠಲರಾಯರಿಂದ ಅಶಿಸ್ತು ನೋಡಲಾಗಲಿಲ್ಲ. ಛತ್ರಿಯಿಂದ ರಸ್ತೆಯ ಧೂಳಿನಲ್ಲಿ ಒಂದು ಉದ್ದ ಗೆರೆ ಎಳೆದು ಗುಡುಗಿದರು.

"ಗದ್ದಲ ಯಾಕ? ಸಾಲಾಗಿ ನಿಲ್ರಿ! ವಾದಿ ಎಡಕ್ಕ, ಪ್ರತಿವಾದಿ ಬಲಕ್ಕ! ಯವ್ವಾ, ನೀ ಮೊದಲ ಬಾ. ಅಳಿಯಂದಿರ, ಆ ಮ್ಯಾಲಿನ ಗುಂಡಿ ಹಾಕೋರಿ, ಕಕ್ಷಿದಾರರ ಮುಂದ ಹಿಂಗ ನಿಲ್ಲಬಾರದು!"

ಆಗ ಮಾನ್ವಿಯ ಬಸ್ಸು ಬಂತು. ಡ್ರೈವರು ಮೂರು ಸಲ ಹಾರ್ನ್ ಹೊಡೆದ. ವಿಠ್ಠಲರಾಯರು ತಲೆಯೆತ್ತದೆ ಛತ್ರಿ ಬೀಸಿ ಬಸ್ಸನ್ನು ಮುಂದಕ್ಕೆ ಕಳಿಸಿದರು.